ಲೆವೆಲ್ ಫೋರ್ ಸಿಗಲಿಲ್ಲ ಅಂದರೆ ಶಾಲೆ ಕೆಟ್ಟಿತೇ?

ಪ್ರಶ್ನೆ: ನಾವು ವರ್ಜೀನಿಯಾದ ಫೇರ್‌ಫ್ಯಾಕ್ಸ್ ಕೌಂಟಿಯಲ್ಲಿದ್ದೇವೆ. ಮಗಳು ಎರಡನೇ ತರಗತಿ. ಕಿಂಡರ್‌ಗಾರ್ಟನ್‌ನಿಂದಲೂ ಮನೆ ಹತ್ತಿರದ ಪಬ್ಲಿಕ್ ಸ್ಕೂಲಿಗೇ ಹೋಗುತ್ತಿದ್ದಾಳೆ. ಶಾಲೆ ಬಗ್ಗೆ ನಮಗೆ ಇದುವರೆಗೆ ಒಂದು ದೂರೂ ಇರಲಿಲ್ಲ, ಟೀಚರ್ ಅಂದರೆ ಅವಳಿಗೆ ಪ್ರಾಣ. ಇಲ್ಲಿ ಚುರುಕು ಮಕ್ಕಳಿಗೆ ಹೆಚ್ಚಿನ ಮಟ್ಟದ ಪಾಠ ಕೊಡುವ ಎಎಪಿ ಎಂಬ ಕಾರ್ಯಕ್ರಮವಿದೆ. ಈ ಏಪ್ರಿಲ್‌ನಲ್ಲಿ ಅದರ ಮೇಲಿನ ಹಂತವಾದ ಲೆವೆಲ್ ಫೋರ್‌ಗೆ ಆಯ್ಕೆಯಾಗಿಲ್ಲ ಎಂದು ತಿಳಿಸಿದರು. ಶಾಲೆಯಲ್ಲಿ ಮಾಡಿಸುವ ಕಾಗ್ಯಾಟ್ ಎಂಬ ಬುದ್ಧಿಸಾಮರ್ಥ್ಯದ ಪರೀಕ್ಷೆಯಲ್ಲಿ 128 ಬಂದಿತ್ತು. ನಮ್ಮ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಮೂವರ ಮಕ್ಕಳಿಗೆ ಸಿಕ್ಕಿದೆ. ಅಪೀಲ್ ಹಾಕೋಣ, ಆಗದಿದ್ದರೆ ಮನೆ ಮಾರಿ ಪಕ್ಕದ ಲೌಡನ್ ಕೌಂಟಿಗೆ ಹೋಗೋಣ ಅನ್ನುತ್ತಾರೆ ನನ್ನ ಯಜಮಾನರು. ಮೈಸೂರಿನಿಂದ ಅತ್ತೆ ಫೋನಿನಲ್ಲಿ "ಫೇಲಾದಳಾ?" ಎಂದು ಕೇಳಿದರು. ಅದು ಮಗಳ ಕಿವಿಗೂ ಬಿತ್ತು, "ನಾನು ಜಾಣೆ ಅಲ್ವಾ ಅಮ್ಮ?" ಅಂದಳು. ಏನು ಮಾಡಲಿ?

ಉತ್ತರ: "ಇದುವರೆಗೆ ಒಂದು ದೂರೂ ಇರಲಿಲ್ಲ" ಎಂಬ ಸಾಲನ್ನು ನಾನು ಎರಡು ಸಲ ಓದಿದೆ. ಮಾರ್ಚ್‌ವರೆಗೆ ಚೆನ್ನಾಗಿದ್ದ ಶಾಲೆ ಏಪ್ರಿಲ್‌ನಲ್ಲಿ ಸಾಲದಾಯಿತು. ಅದೇ ಟೀಚರ್, ಅದೇ ಲೈಬ್ರರಿ, ಮಗಳು ಅದೇ ಹಳದಿ ಬಸ್ಸು ಹತ್ತಿ ಹೋಗುತ್ತಾಳೆ. ನಡುವೆ ಆದದ್ದು ಇಷ್ಟೇ, ಒಂದು ಪತ್ರ ಬಂತು, ಪಕ್ಕದವರಿಗೆ ಬೇರೆ ಪತ್ರ ಬಂತು. ನಿಮ್ಮನ್ನು ಹಂಗಿಸಲು ಹೇಳುತ್ತಿಲ್ಲ. ಇಲ್ಲಿನ ಪಬ್ಲಿಕ್ ಸ್ಕೂಲುಗಳಲ್ಲಿ ವರ್ಷಗಟ್ಟಲೆ ಮೂರನೇ ತರಗತಿಗೆ ಪಾಠ ಮಾಡಿದ್ದೇನೆ. ಇಡೀ ವರ್ಷ ಕೃತಜ್ಞತೆಯ ಚೀಟಿ ಕಳಿಸುತ್ತಿದ್ದ ತಂದೆತಾಯಿ ಇಂಥ ಪತ್ರ ಬಂದ ವಾರ ಮುಖ ಗಂಟಿಕ್ಕಿಕೊಂಡು ಬರುವುದನ್ನು ಪ್ರತಿ ವಸಂತದಲ್ಲೂ ಕಂಡಿದ್ದೇನೆ.

ಮೊದಲು ಆ 128. ಕಾಗ್ಯಾಟ್‌ನಲ್ಲಿ ಒಂದೇ ವಯಸ್ಸಿನ ಮಕ್ಕಳ ಸರಾಸರಿ 100 ಬರುವಂತೆ ಅಂಕ ಕೂರಿಸಿರುತ್ತಾರೆ. 128 ಅಂದರೆ ದೇಶದ ಅದೇ ವಯಸ್ಸಿನ ನೂರು ಮಕ್ಕಳಲ್ಲಿ ಸುಮಾರು 96 ಮಕ್ಕಳಿಗಿಂತ ಮೇಲೆ. 132 ಬಂದಿದ್ದರೆ ಸುಮಾರು 98. ಈ ಎರಡರ ನಡುವಿನ ಅಂತರ ನಾಲ್ಕೈದು ಪ್ರಶ್ನೆಗಳದ್ದು ಇರಬಹುದು, ಹಿಂದಿನ ರಾತ್ರಿಯ ನಿದ್ದೆಯದ್ದೂ ಇರಬಹುದು. ಏಳು ವರ್ಷದ ಮಗುವಿನ ಯಾವ ಪರೀಕ್ಷೆಯೂ ಚಿನ್ನದ ತಕ್ಕಡಿಯಲ್ಲ. ಇದೇ ಪರೀಕ್ಷೆಯನ್ನು ರೂಪಿಸಿದವರಲ್ಲಿ ಒಬ್ಬರಾದ ಡೇವಿಡ್ ಲೋಮನ್, ಈ ವರ್ಷ ತೀರಾ ಮೇಲಿನ ಸಾಲಿನಲ್ಲಿರುವ ಮಕ್ಕಳಲ್ಲಿ ಬಹಳಷ್ಟು ಜನ ಮುಂದಿನ ವರ್ಷ ಅದೇ ಸಾಲಿನಲ್ಲಿ ಇರುವುದಿಲ್ಲ ಎಂದು 2006ರಲ್ಲೇ ಬರೆದರು. ಹಾಗಿರುವಾಗ ಎರಡನೇ ತರಗತಿಯ ಒಂದು ಬೆಳಿಗ್ಗೆಯನ್ನು ಹಿಡಿದುಕೊಂಡು "ನನ್ನ ಮಗಳು ಇಷ್ಟೇ" ಎಂದು ನೀವು ತೀರ್ಮಾನಿಸುವುದು ಬೇಡ.

ಇನ್ನೊಂದು ಮಾತು. 128 ಎನ್ನುವುದು ಮೂರು ಭಾಗಗಳನ್ನು ಸೇರಿಸಿ ಕೊಟ್ಟ ಅಂಕ: ಭಾಷೆ, ಸಂಖ್ಯೆ, ಆಕೃತಿ. ಶಾಲೆ ಕಳಿಸಿದ ವರದಿಯಲ್ಲಿ ಮೂರೂ ಬೇರೆಬೇರೆಯಾಗಿ ಇರುತ್ತವೆ. ಅದನ್ನು ತೆಗೆದು ನೋಡಿ. ಮೂರೂ 128ರ ಆಸುಪಾಸಿನಲ್ಲಿದ್ದರೆ ಒಂದು ಕಥೆ, ಸಂಖ್ಯೆಯಲ್ಲಿ 140 ಬಂದು ಭಾಷೆಯಲ್ಲಿ 115 ಬಂದಿದ್ದರೆ ಕಥೆಯೇ ಬೇರೆ. ಎರಡನೆಯ ಮಗುವಿಗೆ ಬೇಕಾದದ್ದು ಗಟ್ಟಿ ಗಣಿತ, ಇಡೀ ದಿನದ ಬೇರೆ ತರಗತಿ ಬೇಕಾಗಿಲ್ಲದಿರಬಹುದು. (ಮನೆಯಲ್ಲಿ ಕನ್ನಡ ಮಾತಾಡಿದ್ದರಿಂದ ಭಾಷೆಯ ಅಂಕ ಇಳಿಯಿತೇ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಆ ಲೆಕ್ಕ ಹಾಕಿ ಮನೆಯ ಕನ್ನಡವನ್ನು ನಿಲ್ಲಿಸಬೇಡಿ. ಅಂಕವೂ ಏರುವುದಿಲ್ಲ, ಮೈಸೂರಿನ ಫೋನೂ ಮೂಕವಾಗುತ್ತದೆ.)

ಫೇರ್‌ಫ್ಯಾಕ್ಸ್‌ನಲ್ಲಿ ಅಂಕ ಮಾತ್ರ ನೋಡುವುದಿಲ್ಲ. ಕಾಗ್ಯಾಟ್‌ನಂಥ ಪರೀಕ್ಷೆಗಳ ಅಂಕ, ಟೀಚರ್ ತುಂಬುವ ರೇಟಿಂಗ್, ಮಗು ಮಾಡಿದ ಕೆಲಸದ ಮಾದರಿಗಳು, ಎಲ್ಲ ಒಂದು ಕಡತವಾಗಿ ಕೌಂಟಿಯ ಸಮಿತಿಯ ಮುಂದೆ ಹೋಗುತ್ತವೆ. ನಮ್ಮ ತಲೆಯಲ್ಲಿ ಇದು ಸಿಇಟಿ. ಇಷ್ಟು ರ‍್ಯಾಂಕ್, ಇಷ್ಟು ಸೀಟು, ಅವರಿಗೆ ಸಿಕ್ಕಿತು, ನಮಗೆ ತಪ್ಪಿತು. ಇಲ್ಲಿ ಸಮಿತಿ ಕೇಳಿಕೊಳ್ಳುವ ಪ್ರಶ್ನೆ ಬೇರೆ: ಈ ಮಗುವಿಗೆ ಬೇಕಾದದ್ದನ್ನು ಈಗಿರುವ ತರಗತಿಯಲ್ಲೇ ಕೊಡಲು ಆಗುತ್ತದೆಯೇ? ಒಂದೇ ಅಂಕದ ಇಬ್ಬರಲ್ಲಿ ಒಬ್ಬರಿಗೆ ಹೌದು, ಇನ್ನೊಬ್ಬರಿಗೆ ಅಲ್ಲ ಎಂದು ಬರುವುದು ಇದರಿಂದಲೇ. ವಾಟ್ಸಾಪ್ ಗುಂಪಿನಲ್ಲಿ ಅಂಕ ಮಾತ್ರ ಓಡಾಡುತ್ತದೆ, ಕಡತವನ್ನು ಯಾರೂ ಹಾಕುವುದಿಲ್ಲ.

ಲೆವೆಲ್ ಫೋರ್ ಎಂದರೆ ಅದಕ್ಕಿಂತ ಕೆಳಗೆ ಮೂರು ಇವೆ ಎಂದೂ ಅರ್ಥವಲ್ಲವೇ? ವಿಚಿತ್ರ ನೋಡಿ, ಅವುಗಳ ಹೆಸರನ್ನು ನೀವು ನನಗೆ ಬರೆದ ಪತ್ರದಲ್ಲಿ ಎತ್ತಲೇ ಇಲ್ಲ. ಲೆವೆಲ್ ಒನ್ ಎಲ್ಲ ಮಕ್ಕಳಿಗೂ. ಲೆವೆಲ್ ಟೂ ಮಗು ಮುಂದಿರುವ ವಿಷಯದಲ್ಲಿ ಮಾತ್ರ, ಅದೇ ತರಗತಿಯೊಳಗೆ ಹೆಚ್ಚು ಕಠಿಣ ಕೆಲಸ. ಲೆವೆಲ್ ತ್ರೀ ಅಂದರೆ ವಾರದಲ್ಲಿ ಸ್ವಲ್ಪ ಹೊತ್ತು ಎಎಪಿ ಟೀಚರ್ ಜೊತೆ. ಲೆವೆಲ್ ಫೋರ್ ಮಾತ್ರ ಮೂರನೆಯಿಂದ ಎಂಟನೇ ತರಗತಿವರೆಗಿನ ಪೂರ್ಣಾವಧಿ ತರಗತಿ, ಕೆಲವು ಕಡೆ ಸ್ವಂತ ಶಾಲೆಯಲ್ಲೇ, ಕೆಲವು ಕಡೆ ಬಸ್ಸಿನಲ್ಲಿ ಹೋಗಬೇಕಾದ ಸೆಂಟರ್‌ನಲ್ಲಿ. ಟೂ ಮತ್ತು ತ್ರೀಯನ್ನು ತೀರ್ಮಾನಿಸುವುದು ಕೌಂಟಿಯಲ್ಲ, ನಿಮ್ಮ ಶಾಲೆಯೇ. ಅಂದರೆ ಆ ಮಾತು ಮುಂದಿನ ವಾರ ಪ್ರಿನ್ಸಿಪಾಲರ ಕೋಣೆಯಿಂದ ಹತ್ತು ಹೆಜ್ಜೆ ದೂರದಲ್ಲಿ ನಡೆಯಬಹುದಾದದ್ದು.

ಈ "ತೃಪ್ತಿ"ಯ ವಿಚಾರಕ್ಕೆ ಸ್ವಲ್ಪ ಬರುತ್ತೇನೆ, ಏಕೆಂದರೆ ನಿಮ್ಮ ಸಂಕಟದ ಬೇರು ಅಲ್ಲಿದೆ. ಗ್ಯಾಲಪ್ ಸಂಸ್ಥೆ ಪ್ರತಿ ವರ್ಷ ಆಗಸ್ಟ್‌ನಲ್ಲಿ ಅಮೆರಿಕದವರನ್ನು ಶಾಲೆಗಳ ಬಗ್ಗೆ ಕೇಳುತ್ತದೆ. 2023ರಲ್ಲಿ ದೇಶದ ಶಾಲಾ ಶಿಕ್ಷಣ ತೃಪ್ತಿಕರ ಎಂದವರು ಶೇ. 36 ಮಾತ್ರ. ಅದೇ ಸಮೀಕ್ಷೆಯಲ್ಲಿ ಶಾಲೆಗೆ ಹೋಗುವ ಮಕ್ಕಳಿರುವ ತಂದೆತಾಯಿಯರನ್ನು, ನಿಮ್ಮ ದೊಡ್ಡ ಮಗುವಿಗೆ ಸಿಗುತ್ತಿರುವ ಶಿಕ್ಷಣ ಹೇಗಿದೆ ಎಂದು ಕೇಳಿದಾಗ ಶೇ. 76 ಜನ ತೃಪ್ತಿ ಎಂದರು. ದೂರದ ಬೆಟ್ಟ ನುಣ್ಣಗೆ ಅನ್ನುವ ನಮ್ಮ ಗಾದೆ ಇಲ್ಲಿ ತಲೆಕೆಳಗು. ದೂರದ್ದೆಲ್ಲ ಕಲ್ಲುಮುಳ್ಳು, ಹತ್ತಿರದ್ದು ನುಣ್ಣಗೆ. ಕಾರಣ ಸರಳ. ದೇಶದ ಶಾಲೆಗಳನ್ನು ನಾವು ಟಿವಿಯಲ್ಲಿ ನೋಡುತ್ತೇವೆ, ನಮ್ಮ ಶಾಲೆಯನ್ನು ಮಗುವಿನ ಮುಖದಲ್ಲಿ ನೋಡುತ್ತೇವೆ. ಬೆಳಿಗ್ಗೆ ಖುಷಿಯಿಂದ ಹೋಗುತ್ತದೆಯೇ, ಟೀಚರ್ ಮಗುವಿನ ಹೆಸರು ಹಿಡಿದು ಮಾತಾಡಿಸುತ್ತಾರೆಯೇ, ಆಫೀಸಿನವರು ನಗುತ್ತಾರೆಯೇ, ಇಷ್ಟರಲ್ಲಿ ಆ ಶೇ. 76ರ ಬಹುಪಾಲು ಇದೆ ಎಂದು ನನ್ನ ಅನುಭವ.

ಇದರ ಒಂದು ಕುಂದೂ ಇದೆ, ಅದನ್ನು ಮುಚ್ಚಿಡುವುದಿಲ್ಲ. ತೃಪ್ತಿ ಎನ್ನುವುದು ಕಲಿಕೆಯ ಅಳತೆಯಲ್ಲ. ನಾನು ಪಾಠ ಮಾಡುತ್ತಿದ್ದ ಮೊದಲ ವರ್ಷಗಳಲ್ಲಿ ಒಂದು ತಪ್ಪು ಮಾಡುತ್ತಿದ್ದೆ. ಬೇಗ ಮುಗಿಸುವ ಮಕ್ಕಳನ್ನು "ನನ್ನ ಸಹಾಯಕಿ" ಮಾಡಿಕೊಳ್ಳುತ್ತಿದ್ದೆ. ಪಕ್ಕದವರಿಗೆ ಕಳೆಯುವ ಲೆಕ್ಕ ಹೇಳಿಕೊಡು, ಪೆನ್ಸಿಲ್ ಹಂಚು, ಬೋರ್ಡ್ ಒರೆಸು. ಆ ಹುಡುಗಿಯರು ಹಿಗ್ಗುತ್ತಿದ್ದರು, ತಾಯಂದಿರು ಇನ್ನೂ ಹಿಗ್ಗುತ್ತಿದ್ದರು. ಪೋಷಕರ ಕಾನ್ಫರೆನ್ಸಿನ ಹದಿನೈದು ನಿಮಿಷ ಹೊಗಳಿಕೆಯಲ್ಲೇ ಮುಗಿಯುತ್ತಿತ್ತು. ಆ ಮಕ್ಕಳಲ್ಲಿ ಒಬ್ಬಳು ಸೆಪ್ಟೆಂಬರ್‌ನಲ್ಲಿ ಬರುವಾಗ ತಿಳಿದಿದ್ದ ಗಣಿತಕ್ಕೆ ಫೆಬ್ರವರಿವರೆಗೆ ನಾನು ಏನನ್ನೂ ಸೇರಿಸಿರಲಿಲ್ಲ ಎಂದು ತಿಳಿದದ್ದು ವರ್ಷದ ನಡುವೆ ಹಳೆಯ ಹಾಳೆಗಳನ್ನು ಜೋಡಿಸುವಾಗ. ಎಲ್ಲರೂ ತೃಪ್ತರು, ಕಲಿಕೆ ಸೊನ್ನೆ. ಆಮೇಲೆ ಬೇಗ ಮುಗಿಸುವವರಿಗೆಂದು ಬೇರೆ ಲೆಕ್ಕಗಳ ಪೆಟ್ಟಿಗೆ ಇಟ್ಟೆ. ಅವಳು ಮೊದಲ ವಾರ ಅತ್ತಳು, ಏಕೆಂದರೆ ಜೀವನದಲ್ಲಿ ಮೊದಲ ಸಲ ಉತ್ತರ ತಪ್ಪಾಗಿತ್ತು.

ಹಾಗಾಗಿ ನೀವು ಈ ವಾರ ಮಾಡಬೇಕಾದ ಕೆಲಸ ಒಂದು. ಮಗಳ ಶಾಲೆಯ ಫೋಲ್ಡರ್ ಮನೆಗೆ ಬಂದಾಗ ಮೂರು ವಾರದ ಹಾಳೆಗಳನ್ನು ಮೇಜಿನ ಮೇಲೆ ಹರಡಿ. ತಪ್ಪುಗಳನ್ನು ಎಣಿಸಿ. ನಮ್ಮ ಕಡೆಯ ತಾಯಂದಿರು ತಪ್ಪು ಕಂಡರೆ ಗದರುತ್ತಾರೆ, ನಾನು ತಪ್ಪು ಇಲ್ಲದಿದ್ದರೆ ಗಾಬರಿಯಾಗಿ ಎನ್ನುತ್ತೇನೆ. ಗಣಿತದ ಹಾಳೆಗಳೆಲ್ಲ ಪೂರ್ತಿ ಸರಿ, ಬರೆದದ್ದರಲ್ಲಿ ಟೀಚರ್ ತಿದ್ದಿದ ಗುರುತೇ ಇಲ್ಲ, ಲೈಬ್ರರಿ ಪುಸ್ತಕ ಹೋದ ವರ್ಷದ ಮಟ್ಟದ್ದೇ ಅಂದರೆ ಅವಳು ಗೊತ್ತಿದ್ದನ್ನೇ ಮತ್ತೆ ಬರೆಯುತ್ತಿದ್ದಾಳೆ. ಆಗ ನಿಮ್ಮ ಅಸಮಾಧಾನಕ್ಕೆ ಆಧಾರ ಇದೆ, ಅದಕ್ಕೆ ಲೆವೆಲ್ ಫೋರ್ ಪತ್ರದ ಜೊತೆ ಸಂಬಂಧವೂ ಇಲ್ಲ. ಅಲ್ಲಲ್ಲಿ ತಪ್ಪು, ಅಳಿಸಿ ಬರೆದದ್ದು, "ಇನ್ನೊಮ್ಮೆ ಯೋಚಿಸು" ಎಂಬ ಟಿಪ್ಪಣಿ ಕಂಡರೆ ಶಾಲೆ ತನ್ನ ಕೆಲಸ ಮಾಡುತ್ತಿದೆ, ನೀವು ಮಾರ್ಚ್‌ನಲ್ಲಿ ಇದ್ದಷ್ಟೇ ನಿಶ್ಚಿಂತೆಯಿಂದ ಇರಬಹುದು.

ಹಾಳೆಗಳನ್ನು ನೋಡಿದ ಮೇಲೆ ಶಾಲೆಯ ಎಎಪಿ ಟೀಚರ್‌ಗೆ ಇಮೇಲ್ ಹಾಕಿ. ಫೇರ್‌ಫ್ಯಾಕ್ಸ್‌ನ ಎಲಿಮೆಂಟರಿ ಶಾಲೆಗಳಲ್ಲಿ ಈ ಕೆಲಸಕ್ಕೇ ಒಬ್ಬರು ಇರುತ್ತಾರೆ, ತರಗತಿಯ ಟೀಚರ್ ಬೇರೆ, ಇವರು ಬೇರೆ. "ನಮ್ಮ ಮಗಳು ತುಂಬಾ ಚುರುಕು" ಎಂದು ಶುರು ಮಾಡಬೇಡಿ. ಅದನ್ನು ಅವರು ದಿನಕ್ಕೆ ನಾಲ್ಕು ಸಲ ಕೇಳುತ್ತಾರೆ. ಹಾಳೆ ಮುಂದಿಟ್ಟು ಮಾತಾಡಿ. ಅವಳಿಗೆ ಯಾವ ವಿಷಯದಲ್ಲಿ ಲೆವೆಲ್ ಟೂ ಇದೆ, ವಾರಕ್ಕೆ ಎಷ್ಟು ಹೊತ್ತು, ಆ ಹೊತ್ತಿನಲ್ಲಿ ಕಳೆದ ತಿಂಗಳು ನಿಜವಾಗಿ ಏನು ಮಾಡಿಸಿದಿರಿ, ಬೇಗ ಮುಗಿಸಿದಾಗ ಏನು ಮಾಡುತ್ತಾಳೆ, ಮೂರನೇ ತರಗತಿಗೆ ಲೆವೆಲ್ ತ್ರೀ ವಿಚಾರ ಯಾವಾಗ ನೋಡುತ್ತೀರಿ. ಉತ್ತರದಲ್ಲಿ ಪುಸ್ತಕದ ಹೆಸರು, ಲೆಕ್ಕದ ಬಗೆ, ವಾರದ ದಿನ ಬಂದರೆ ನಂಬಿ. "ಎಲ್ಲ ಮಕ್ಕಳಿಗೂ ಅವರ ಮಟ್ಟಕ್ಕೆ ತಕ್ಕಂತೆ ಕಲಿಸುತ್ತೇವೆ" ಎಂದಷ್ಟೇ ಬಂದರೆ ಎರಡು ವಾರ ಬಿಟ್ಟು ಮತ್ತೆ ಬರೆಯಿರಿ, ಮರ್ಯಾದೆಯಿಂದ, ಆದರೆ ಬಿಡದೆ.

ಅಪೀಲ್ ಹಾಕಬಹುದು, ಪತ್ರದಲ್ಲಿ ಕೊನೆಯ ದಿನ ಕೊಟ್ಟಿರುತ್ತಾರೆ. ಆದರೆ ಅದಕ್ಕೆ ಹೊಸ ಮಾಹಿತಿ ಬೇಕು. ಹಳೆಯ ಕಡತವನ್ನೇ ಜೋರು ದನಿಯಲ್ಲಿ ಮತ್ತೆ ಕಳಿಸಿದರೆ ಆಗುವುದಿಲ್ಲ. ಪರೀಕ್ಷೆಯ ದಿನ ಜ್ವರವಿತ್ತು, ಮೊದಲ ಕಡತಕ್ಕೆ ಒಳ್ಳೆಯ ಮಾದರಿಗಳೇ ಹೋಗಿರಲಿಲ್ಲ, ಹಾಳೆಗಳಲ್ಲಿ ಅವಳು ಬೇಸತ್ತದ್ದು ಕಾಣುತ್ತಿದೆ, ತರಗತಿಯ ಟೀಚರೇ "ಹಾಕಿ" ಎನ್ನುತ್ತಿದ್ದಾರೆ ಎಂದರೆ ಖಂಡಿತ ಹಾಕಿ. ಖಾಸಗಿ ಮನಃಶಾಸ್ತ್ರಜ್ಞರ ಬಳಿ ವಿಸ್ಕ್ ಎಂಬ ಐಕ್ಯೂ ಪರೀಕ್ಷೆ ಮಾಡಿಸುವವರೂ ಇದ್ದಾರೆ, ಅದಕ್ಕೆ ನೂರಾರು ಡಾಲರ್ ಆಗುತ್ತದೆ. ಪಕ್ಕದ ಮನೆಗೆ ಸಿಕ್ಕಿತು ಎಂಬುದು ಮಾತ್ರ ಕಾರಣವಾದರೆ ಆ ದುಡ್ಡನ್ನು ಉಳಿಸಿ ಬೇಸಿಗೆಗೆ ಊರಿಗೆ ಹೋಗಿ ಬನ್ನಿ. ಮುಂದಿನ ವರ್ಷ ಮತ್ತೆ ಹೆಸರು ಕೊಡಬಹುದು. ನಾಲ್ಕನೆಯಲ್ಲಿ, ಐದನೆಯಲ್ಲಿ ಸೇರುವ ಮಕ್ಕಳೂ ಇರುತ್ತಾರೆ. ನಮ್ಮವರಿಗೆ ಎರಡನೇ ತರಗತಿಯೇ ಎಸ್ಸೆಸ್ಸೆಲ್ಸಿಯಂತೆ ಕಾಣುವುದು ಏಕೋ.

ಈ ಕಾರ್ಯಕ್ರಮಗಳಿಂದ ಮಕ್ಕಳಿಗೆ ನಿಜಕ್ಕೂ ಎಷ್ಟು ಲಾಭ ಎಂಬುದನ್ನೂ ಕೇಳಬೇಕು. ದೇಶಾದ್ಯಂತದ ಮಕ್ಕಳ ಅಂಕಿಅಂಶ ಹಿಡಿದು ಕ್ರಿಸ್ಟಫರ್ ರೆಡ್ಡಿಂಗ್ ಮತ್ತು ಜೇಸನ್ ಗ್ರಿಸಮ್ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗಿಫ್ಟೆಡ್ ಅಂದರೆ ವಿಶೇಷ ಪ್ರತಿಭೆಯ ಮಕ್ಕಳ ಕಾರ್ಯಕ್ರಮಕ್ಕೆ ಸೇರಿದವರಿಗೆ ಓದಿನಲ್ಲಿ ಸಿಕ್ಕ ಲಾಭ ನೂರು ಮಕ್ಕಳ ಸಾಲಿನಲ್ಲಿ ಸುಮಾರು ಎರಡು ಸ್ಥಾನ ಮೇಲೇರಿದಷ್ಟು, ಗಣಿತದಲ್ಲಿ ಅದರ ಮೂರರಲ್ಲಿ ಒಂದು ಭಾಗ. ಮನೆ ಮಾರುವಷ್ಟು ದೊಡ್ಡ ಲಾಭವಲ್ಲ. ನನಗೆ ಇನ್ನೂ ಕುತೂಹಲ ಹುಟ್ಟಿಸಿದ್ದು ಡೇವಿಡ್ ಕಾರ್ಡ್ ಮತ್ತು ಲಾರಾ ಜೂಲಿಯಾನೊ ಫ್ಲಾರಿಡಾದ ದೊಡ್ಡ ಶಾಲಾ ಜಿಲ್ಲೆಯೊಂದರಲ್ಲಿ ಮಾಡಿದ ಅಧ್ಯಯನ. ಅಲ್ಲಿ ಒಂದು ತರಗತಿಯಲ್ಲಿ ಒಬ್ಬನೇ ಗಿಫ್ಟೆಡ್ ಮಗು ಇದ್ದರೂ ಶಾಲೆ ಬೇರೆ ಸೆಕ್ಷನ್ ತೆರೆಯಬೇಕಿತ್ತು, ಉಳಿದ ಕುರ್ಚಿಗಳನ್ನು ಹಿಂದಿನ ವರ್ಷ ಒಳ್ಳೆಯ ಅಂಕ ತೆಗೆದ, ಆದರೆ ಗಿಫ್ಟೆಡ್ ಎಂಬ ಮುದ್ರೆಯಿಲ್ಲದ ಮಕ್ಕಳಿಗೆ ಕೊಡುತ್ತಿದ್ದರು. ಹೆಚ್ಚು ಲಾಭ ಪಡೆದವರು ಈ ಮುದ್ರೆಯಿಲ್ಲದವರೇ, ಅದರಲ್ಲೂ ಕಪ್ಪು ಮತ್ತು ಹಿಸ್ಪಾನಿಕ್ ಮಕ್ಕಳು. ಐಕ್ಯೂ 130 ದಾಟಿ ಒಳಬಂದವರಿಗೆ ಪರೀಕ್ಷೆಯ ಅಂಕದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ನಿಮ್ಮ ಮಗಳಂಥ, ಗೆರೆಗೆ ಸ್ವಲ್ಪ ಈಚೆ ಇರುವ ಮಗುವಿಗೆ ಇದು ಸಿಹಿಸುದ್ದಿ ಅಂತಲೇ ಓದಿಕೊಳ್ಳಿ. ಗಟ್ಟಿ ಕೆಲಸ ಕೊಟ್ಟರೆ ಬೆಳೆಯುವುದು ಇಂಥ ಮಕ್ಕಳೇ. ಅದನ್ನೇ ಲೆವೆಲ್ ಟೂ, ತ್ರೀ ಹೆಸರಲ್ಲಿ ಕೇಳಿ ಪಡೆಯಿರಿ ಎಂದು ನಾನು ಒತ್ತಾಯಿಸುವುದು.

ಆಸ್ಟ್ರೇಲಿಯಾದ ಹರ್ಬರ್ಟ್ ಮಾರ್ಷ್ ಎಂಬ ಮನಃಶಾಸ್ತ್ರಜ್ಞರ ಕೆಲಸವೂ ನೆನಪಾಗುತ್ತದೆ. ತೀರಾ ಜಾಣರ ಗುಂಪಿಗೆ ಹೋದ ಮಗು ತನ್ನನ್ನು ತಾನು ಅಷ್ಟು ಜಾಣ ಅಂದುಕೊಳ್ಳುವುದನ್ನು ಕಡಿಮೆ ಮಾಡುತ್ತದೆ, ಅದೇ ಮಗು ಸಾಧಾರಣ ಗುಂಪಿನಲ್ಲಿದ್ದರೆ ಆತ್ಮವಿಶ್ವಾಸ ಹೆಚ್ಚಿರುತ್ತದೆ ಎಂದು ಅವರು ಎಂಬತ್ತರ ದಶಕದಿಂದ ತೋರಿಸುತ್ತ ಬಂದಿದ್ದಾರೆ. ಹಾಳೂರಿಗೆ ಉಳಿದವನೇ ಗೌಡ ಎಂದು ನಾವು ಗೇಲಿ ಮಾಡುತ್ತೇವೆ ಸರಿ, ಏಳು ವರ್ಷದ ಮಗುವಿಗೆ ಒಂದೆರಡು ವರ್ಷದ ಗೌಡಿಕೆ ಕೆಟ್ಟದ್ದೇನಲ್ಲ.

ಲೌಡನ್‌ಗೆ ಹೋಗುವ ವಿಚಾರ. ಯಜಮಾನರು ಅಲ್ಲಿನ ವ್ಯವಸ್ಥೆ ವಿಚಾರಿಸಿದ್ದಾರೆಯೇ? ಅಲ್ಲಿ ಫ್ಯೂಚುರಾ ಎಂಬ ಕಾರ್ಯಕ್ರಮ ನಾಲ್ಕು ಮತ್ತು ಐದನೇ ತರಗತಿಯವರಿಗೆ, ವಾರದಲ್ಲಿ ಒಂದು ದಿನ ಬೇರೆ ಕರೆದುಕೊಂಡು ಹೋಗುವ ಬಗೆಯದು. ಫೇರ್‌ಫ್ಯಾಕ್ಸ್‌ನ ಲೆವೆಲ್ ಫೋರ್‌ನಂತೆ ಎಲಿಮೆಂಟರಿಯಲ್ಲಿ ಇಡೀ ವಾರದ ತರಗತಿಯಲ್ಲ. ಮನೆ ಮಾರಿ ಹೋದರೆ ನೀವು ಬಯಸುತ್ತಿರುವುದು ಇನ್ನೂ ಕಡಿಮೆ ಸಿಗಬಹುದು. ಈ ದೇಶದಲ್ಲಿ ವಿಶೇಷ ಅಗತ್ಯದ ಮಕ್ಕಳಿಗೆ ಸೇವೆ ಕೊಡಲೇಬೇಕೆಂದು ಕೇಂದ್ರದ ಕಾನೂನಿದೆ, ಗಿಫ್ಟೆಡ್ ಮಕ್ಕಳಿಗೆ ಅಂಥದ್ದಿಲ್ಲ. 1988ರ ಜಾವಿಟ್ಸ್ ಕಾಯ್ದೆ ಸಂಶೋಧನೆಗೆ, ಮಾದರಿ ಯೋಜನೆಗಳಿಗೆ ಸ್ವಲ್ಪ ಹಣ ಕೊಡುತ್ತದೆ, ಅಷ್ಟೇ. ಉಳಿದದ್ದು ರಾಜ್ಯ, ಕೌಂಟಿಗಳ ಇಷ್ಟ. ಗಿಫ್ಟೆಡ್ ಮಕ್ಕಳನ್ನು ಪ್ರತಿ ಶಾಲಾ ಜಿಲ್ಲೆಯೂ ಗುರುತಿಸಬೇಕು ಎನ್ನುವ ರಾಜ್ಯಗಳಲ್ಲಿ ವರ್ಜೀನಿಯಾ ಒಂದು. ನ್ಯೂಯಾರ್ಕ್ ನಗರವನ್ನು ನೋಡಿ: ನಾಲ್ಕು ವರ್ಷದ ಮಕ್ಕಳಿಗೆ ಪರೀಕ್ಷೆ ಇಟ್ಟಿದ್ದರು, 2021ರಲ್ಲಿ ಅದು ನಿಂತಿತು, ಅದೇ ವರ್ಷ ಮೇಯರ್ ಡಿ ಬ್ಲಾಸಿಯೊ ಕಾರ್ಯಕ್ರಮವನ್ನೇ ಮುಗಿಸುತ್ತೇವೆ ಎಂದರು, 2022ರಲ್ಲಿ ಮುಂದಿನ ಮೇಯರ್ ಆಡಮ್ಸ್ ಉಳಿಸಿದ್ದಲ್ಲದೆ ಮೂರನೇ ತರಗತಿಗೂ ಹೊಸ ಸೀಟು ಸೇರಿಸಿದರು. ಚುನಾವಣೆಯ ಜೊತೆ ಬರುವ, ಚುನಾವಣೆಯ ಜೊತೆ ಹೋಗುವ ಸವಲತ್ತನ್ನು ನಂಬಿ ಮೂವತ್ತು ವರ್ಷದ ಸಾಲ ಮಾಡುವುದು ನನಗಂತೂ ಸರಿ ಕಾಣುವುದಿಲ್ಲ.

ನೀವು ಕೇಳದಿದ್ದರೂ ಮನಸ್ಸಿನಲ್ಲಿ ಇರುವುದು ಟಿಜೆ ಎಂದು ಗೊತ್ತು. ಇಲ್ಲಿನ ಹೆಸರಾಂತ ವಿಜ್ಞಾನ-ತಂತ್ರಜ್ಞಾನ ಶಾಲೆಯಾದ ಥಾಮಸ್ ಜೆಫರ್ಸನ್ ಹೈಸ್ಕೂಲಿಗೆ ಹೋಗಬೇಕಾದರೆ ಲೆವೆಲ್ ಫೋರ್ ಬೇಕೇ ಬೇಕು ಎಂಬ ಮಾತು ಕನ್ನಡ ಸಂಘದ ಊಟದ ಸಾಲಿನಲ್ಲೂ ಕೇಳಿದ್ದೇನೆ. ಆ ಶಾಲೆಯ ಪ್ರವೇಶ ಪರೀಕ್ಷೆಯನ್ನು 2020ರಲ್ಲೇ ತೆಗೆದುಹಾಕಿದರು. ಈಗ ಪ್ರತಿ ಮಿಡಲ್ ಸ್ಕೂಲಿನ ಎಂಟನೇ ತರಗತಿಯ ಸಂಖ್ಯೆಯ ಶೇ. 1.5ರಷ್ಟು ಸೀಟು ಟಿಜೆಯಲ್ಲಿ ಆಯಾ ಮಿಡಲ್ ಸ್ಕೂಲಿನವರಿಗೇ ಮೀಸಲು. ಇದನ್ನು ಪ್ರಶ್ನಿಸಿ ಪೋಷಕರ ಒಕ್ಕೂಟವೊಂದು ಸುಪ್ರೀಂ ಕೋರ್ಟಿನವರೆಗೆ ಹೋಯಿತು, ಕೋರ್ಟು 2024ರ ಫೆಬ್ರವರಿಯಲ್ಲಿ ವಿಚಾರಣೆಗೆ ತೆಗೆದುಕೊಳ್ಳಲಿಲ್ಲ. ಲೆಕ್ಕ ಹಾಕಿ ನೋಡಿ, ಸೆಂಟರ್ ಇರುವ ಮಿಡಲ್ ಸ್ಕೂಲಿನಲ್ಲಿ ಆ ಸೀಟುಗಳಿಗೆ ಪೈಪೋಟಿ ಹೆಚ್ಚು. ಎಂಟನೇ ತರಗತಿಗೆ ಇನ್ನೂ ಆರು ವರ್ಷ ಇದೆ, ಅಷ್ಟರಲ್ಲಿ ನಿಯಮ ಎಷ್ಟು ಸಲ ಬದಲಾಗುತ್ತದೋ.

ಮಗಳಿಗೆ ಏನು ಹೇಳುವುದು ಎಂದಿರಿ. "ಜಾಣೆ ಕಣೇ" ಎಂದು ಅಪ್ಪಿಕೊಂಡು ಮುಗಿಸಬೇಡಿ, ಮುಂದಿನ ಸಲ ಯಾವುದೋ ಪತ್ರ ಬಂದಾಗ ಮತ್ತೆ ಅದೇ ಪ್ರಶ್ನೆ ಕೇಳುತ್ತಾಳೆ. ಮೂರನೇ ತರಗತಿಯಲ್ಲಿ ಯಾರು ಯಾವ ರೂಮಿನಲ್ಲಿ ಕೂರಬೇಕು ಎಂದು ಶಾಲೆಯವರು ಪಟ್ಟಿ ಮಾಡಿದ್ದಾರೆ, ನೀನು ಈ ರೂಮಿನಲ್ಲಿ ಎಂದು ಬಂದಿದೆ, ನಿನಗೆ ಲೆಕ್ಕ ಸುಲಭ ಅನ್ನಿಸಿದರೆ ನನಗೆ ಹೇಳು, ಟೀಚರ್ ಜೊತೆ ಮಾತಾಡುತ್ತೇನೆ ಎನ್ನಿ. ಏಳು ವರ್ಷಕ್ಕೆ ಇಷ್ಟು ಅರ್ಥವಾಗುತ್ತದೆ. ಅಂಕದ ಮಾತನ್ನು ಅವಳ ಮುಂದೆ ಫೋನಿನಲ್ಲಿ ಆಡುವುದು ಇವತ್ತಿನಿಂದ ನಿಲ್ಲಲಿ. ಇದು ಯಜಮಾನರಿಗೂ ಸೇರಿ.

ಅತ್ತೆಯವರಿಗೆ ಎಎಪಿ, ಕಾಗ್ಯಾಟ್, ಸೆಂಟರ್ ಎಲ್ಲ ವಿವರಿಸಲು ಹೋಗಬೇಡಿ. ಮೊಮ್ಮಗಳು ಎರಡನೇ ಕ್ಲಾಸು ಪಾಸಾಗಿ ಮೂರನೆಯದಕ್ಕೆ ಹೋಗುತ್ತಿದ್ದಾಳೆ ಅನ್ನಿ. ಸುಳ್ಳೇನೂ ಅಲ್ಲವಲ್ಲ.